ನಲವತ್ತೊಂದನೆಯ ಪುಟ

ಆ ಹುಡುಗಿ ಕಾರ್ಡನ್ನು ತಲೆಕೆಳಗಾಗಿ ಹಿಡಿದುಕೊಂಡೇ ಓದಿದಳು. ಒಂದು ಅಕ್ಷರವೂ ತಪ್ಪಲಿಲ್ಲ.

ನಾನು ಆ ಶಾಲೆಯ ಹೆಡ್ ಮೇಡಂ. ಮೂರನೇ ತರಗತಿಯ ಬಾಗಿಲ ಪಕ್ಕ ಮುಖದ ತುಂಬ ನಗು ಹೊತ್ತುಕೊಂಡು ನಿಂತಿದ್ದೆ. ಇನ್‌ಸ್ಪೆಕ್ಟರ್ ಮೇಡಂ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಹೇಗೋ ತಮ್ಮನ್ನು ತುರುಕಿಕೊಂಡು ಕೂತಿದ್ದರು. ಎರಡು ಜಡೆಯ ಆ ಹುಡುಗಿಗೆ ಕಾರ್ಡು ಕೊಟ್ಟವರು ಅವರೇ, ಉಲ್ಟಾ ಕೊಟ್ಟದ್ದೂ ಅವರೇ. ಬೇಕೆಂದು ಅಲ್ಲ, ಕನ್ನಡಕ ಹುಡುಕುವ ಗಡಿಬಿಡಿಯಲ್ಲಿ ಹಾಗಾಯಿತು.

"ಗುಡ್ಡದ ಮೇಲೆ ಒಂದು ಮೇಕೆ ಇತ್ತು. ಮೇಕೆಗೆ ಬಾಯಾರಿಕೆ ಆಯಿತು. ಕೆಳಗೆ ಕೆರೆ ಕಂಡಿತು. ಮೇಕೆ ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು." ರಾಗವಾಗಿ, ಬೆರಳಿಟ್ಟು, ಸಾಲು ಮುಗಿದಲ್ಲಿ ಉಸಿರು ತೆಗೆದುಕೊಂಡು ಓದಿದಳು. ಕಾರ್ಡಿನ ಮೂಲೆಯಲ್ಲಿದ್ದ ಮೇಕೆಯ ಚಿತ್ರ ಮಾತ್ರ ನಾಲ್ಕೂ ಕಾಲು ಮೇಲೆ ಮಾಡಿ ಬಿದ್ದುಕೊಂಡಿತ್ತು.

ಮೊದಲು ನನಗೆ ಗೊತ್ತಾಗಲಿಲ್ಲ. ಇನ್‌ಸ್ಪೆಕ್ಟರ್ ಮೇಡಂ ಕನ್ನಡಕ ಏರಿಸಿಕೊಂಡು ಆ ಕಾರ್ಡಿನತ್ತ ಬಗ್ಗಿದಾಗ ನಾನೂ ನೋಡಿದೆ. ನನ್ನ ನಗು ಮುಖದ ಮೇಲೇ ಒಣಗಿತು. ಅವರು ಕಾರ್ಡನ್ನು ಮೆಲ್ಲಗೆ ತಿರುಗಿಸಿ, "ಪುಟ್ಟಿ, ಇದರಲ್ಲಿ 'ಮೇಕೆ' ಎಲ್ಲಿದೆ, ತೋರಿಸು," ಎಂದರು. ಹುಡುಗಿ ಚಿತ್ರ ತೋರಿಸಿದಳು. "ಚಿತ್ರ ಅಲ್ಲ, ಅಕ್ಷರ." ಹುಡುಗಿ ಬೆರಳನ್ನು ಕಾರ್ಡಿನ ತುಂಬ ಓಡಾಡಿಸಿ, 'ಕೆಳಗೆ' ಎಂಬಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಹೆದರಿಹೋದೆ.

ಈ ಭಯಕ್ಕೆ ಕಾರಣ ಹೇಳುತ್ತೇನೆ. ನಮ್ಮ ಶಾಲೆ ಮುಚ್ಚಬಹುದಾದ ಶಾಲೆಗಳ ಪಟ್ಟಿಯಲ್ಲಿತ್ತು. ಮೂರನೇ ತರಗತಿಯ ಮಕ್ಕಳಲ್ಲಿ ನೂರಕ್ಕೆ ಎಪ್ಪತ್ತು ಮಂದಿಗಾದರೂ ಓದು ಬರಬೇಕು. ಸತತ ಮೂರು ವರ್ಷ ಬರದಿದ್ದರೆ ಶಾಲೆ ಮುಚ್ಚಿ, ಮಕ್ಕಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರೆ. ಎರಡು ವರ್ಷ ಆಗಲೇ ಕಳೆದಿತ್ತು. ಸರಿಮಾಡಿ ಎಂದು ಮೇಲಿನವರು ನನ್ನನ್ನು ಕಳಿಸಿದ್ದು ಎಂಟು ತಿಂಗಳ ಹಿಂದೆ. ನಾನು ಬಂದವಳೇ ಸೊಂಟ ಕಟ್ಟಿ ನಿಂತೆ. ದಿನಕ್ಕೊಂದು ಓದಿನ ಗಂಟೆ ಇಟ್ಟೆ. ಒಬ್ಬರ ತರಗತಿಯನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂದೆ. ಬೆಳಗಿನ ಸಾಲಿನಲ್ಲಿ ಒಂದು ಮಗು ಮೈಕಿನಲ್ಲಿ ಓದಬೇಕು, ಉಳಿದವರೆಲ್ಲ ಹಿಂದೆ ಹೇಳಬೇಕು ಎಂದೂ ನಿಯಮ ಮಾಡಿದೆ. ಮೈಕಿಗೆ ನಾವು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಶಾಲೆಯ ಗೇಟಿನ ಎದುರಿಗಿರುವ ಮೈಕ್ ಸೆಟ್ ಅಂಗಡಿ ನನ್ನ ಗಂಡನದೇ. ಹಳೆಯ ಆಂಪ್ಲಿಫೈಯರ್, ಎರಡು ಹಾರ್ನು ತಂದು ಕಟ್ಟಿ, ಇನ್ನು ನಿಮ್ಮ ಶಾಲೆ ಪಕ್ಕದ ಊರಿಗೂ ಕೇಳುತ್ತೆ ಎಂದು ಬೀಗಿದ್ದರು.

ಇಷ್ಟಕ್ಕೂ ಅಡ್ಡ ಬಂದವರು ಒಬ್ಬರೇ. ಮೂರನೇ ತರಗತಿಯ ಮೇಷ್ಟ್ರು. ಹೊಸ ಮಾತು ಏನೇ ಬರಲಿ, ಕೈ ಎತ್ತಿ "ಸ್ವಲ್ಪ ನಿಲ್ಲಿ ಮೇಡಂ" ಎನ್ನುವರು. ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟವಳು ನಾನೇ. ಒಂದೇ ವಾರದಲ್ಲಿ ಸ್ಟಾಫ್ ರೂಮಿಗೆಲ್ಲ ಆ ಹೆಸರು ಹಬ್ಬಿತು, ಅವರ ಕಿವಿಗೂ ಬಿತ್ತು. ಅದಕ್ಕೆ ಅವರು ಅಂದದ್ದು ಇಷ್ಟೇ: "ಬ್ರೇಕ್ ಇಲ್ಲದ ಗಾಡೀಲಿ ನೀವು ಕೂರ್ತೀರಾ ಮೇಡಂ?" ಅವರ ಕೈಬರಹ ಮುದ್ದಾಗಿತ್ತು. ಹಾಗಾಗಿ ಸಭೆಯಲ್ಲಿ ಯಾರು ಏನೆಂದರು, ಏನು ತೀರ್ಮಾನವಾಯಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವ ಕೆಲಸ ಇಪ್ಪತ್ತೆರಡು ವರ್ಷದಿಂದ ಅವರದೇ. ಬರೆದು ನನ್ನ ಮುಂದಿಡುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ.

ನಾನು ಬಂದ ಮೊದಲ ತಿಂಗಳು, ಎಷ್ಟು ಮಕ್ಕಳಿಗೆ ಓದು ಬರುತ್ತೆ ಎಂದು ಕೇಳಿದ್ದೆ. "ಮೂವತ್ತೆಂಟರಲ್ಲಿ ಹತ್ತೊಂಬತ್ತು," ಎಂದಿದ್ದರು, ಏನೂ ನಾಚಿಕೆ ಇಲ್ಲದೆ. ಇಷ್ಟು ವರ್ಷ ಏನು ಮಾಡಿದಿರಿ ಎಂದು ಎಲ್ಲರ ಮುಂದೆ ಬಾಯಿಗೆ ಬಂದಂತೆ ಅಂದಿದ್ದೆ. ಎಂಟು ತಿಂಗಳ ನಂತರ ಹೊಲಿಗೆ ಟೀಚರ್ ಕಾರ್ಡು ಹಿಡಿದು ಪರೀಕ್ಷಿಸಿದಾಗ ಮೂವತ್ತೊಂದು ಮಕ್ಕಳು ಗಡಗಡನೆ ಓದಿದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಫಲಿತಾಂಶ ಕಳಿಸಿದೆ. ಹಾಗೆ ಕಳಿಸಿದ್ದಕ್ಕೇ ಇನ್‌ಸ್ಪೆಕ್ಟರ್ ಮೇಡಂ ಖುದ್ದು ನೋಡಲು ಬಂದದ್ದು.

ಅವರು ಅಂದು ಮಧ್ಯಾಹ್ನದವರೆಗೂ ಕೂತರು. ಕಾರ್ಡು ಪಕ್ಕಕ್ಕಿಟ್ಟು, ಹಲಗೆಯ ಮೇಲೆ ತಾವೇ ಸಣ್ಣ ಸಣ್ಣ ವಾಕ್ಯ ಬರೆದು ಒಬ್ಬೊಬ್ಬರನ್ನೇ ಕರೆದರು. ಗಡಗಡ ಓದಿದ್ದ ಹಲವು ಮಕ್ಕಳು ಹಲಗೆಯ ಮುಂದೆ ಬಾಯಿ ಹೊಲಿದ ಹಾಗೆ ನಿಂತರು. ಕೊನೆಗೆ ಪೆನ್ನಿನ ಮುಚ್ಚಳ ಹಾಕಿ, ಎಷ್ಟಾಯಿತೆಂದು ಅವರು ಎಣಿಸುವ ಮೊದಲೇ, ಗೋಡೆಗೊರಗಿ ನಿಂತಿದ್ದ ಬ್ರೇಕ್ ಮೇಷ್ಟ್ರು ಮೆಲ್ಲಗೆ ಹೇಳಿದರು.

"ಇಪ್ಪತ್ತೊಂದು ಮೇಡಂ. ಈ ವರ್ಷ ಇಬ್ಬರು ಜಾಸ್ತಿ ಆಗಿದ್ದಾರೆ."

ನನ್ನ ಮಾನ ಬೀದಿಪಾಲಾಗುತ್ತಿರುವಾಗ ಈ ಮನುಷ್ಯ ಲೆಕ್ಕ ಒಪ್ಪಿಸುತ್ತಿದ್ದಾರಲ್ಲ! ಹಲ್ಲು ಕಚ್ಚಿಕೊಂಡೆ. ಇನ್‌ಸ್ಪೆಕ್ಟರ್ ಮೇಡಂ ನನ್ನ ಕಡೆ ತಿರುಗಿದರು.

"ಪರೀಕ್ಷೆ ಕಾರ್ಡು ಮಕ್ಕಳಿಗೆ ಬಾಯಿಪಾಠ ಹೇಗಾಯ್ತು? ಯಾರು ಮಾಡಿಸಿದ್ದು? ಮೂರು ದಿನದಲ್ಲಿ ನನಗೆ ಬರೆದು ಕೊಡಿ."

ಯಾರು ಮಾಡಿಸಿದ್ದು ಎಂದು ಕೇಳುವ ಅಗತ್ಯವೇ ನನಗೆ ಕಾಣಲಿಲ್ಲ. ಕಾರ್ಡಿದ್ದದ್ದು ಮೂರನೇ ತರಗತಿಗೆ. ಬಾಯಿಪಾಠ ಮಾಡಿದ್ದು ಮೂರನೇ ತರಗತಿ. ಮೇಷ್ಟ್ರು ಯಾರು? ನನ್ನ ಮಾತಿಗೆ ಎದುರಾಡಿ ಸಾಕಾಗಿ, ಒಳಗಿಂದೊಳಗೇ ನನ್ನ ಕಾಲೆಳೆದಿದ್ದಾರೆ ಎಂದು ಖಾತ್ರಿ ಮಾಡಿಕೊಂಡೆ. ಅಂದೇ ನೋಟಿಸು ಬರೆದೆ. ಮರುದಿನ ಅವರ ಉತ್ತರ ಬಂತು. ಮುದ್ದಾದ ಅಕ್ಷರದಲ್ಲಿ ಒಂದೇ ಸಾಲು: "ದಯವಿಟ್ಟು ನಡಾವಳಿ ಪುಸ್ತಕದ ನಲವತ್ತೊಂದನೆಯ ಪುಟ ನೋಡುವುದು."

ನನಗೆ ಮೈಯೆಲ್ಲ ಉರಿಯಿತು. ಕೇಳಿದ್ದೇನು, ಹೇಳುತ್ತಿರುವುದೇನು? ಪುಸ್ತಕ ನನ್ನ ಹಿಂದಿನ ಅಲ್ಮೇರಾದಲ್ಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ನಾನು ಕೈ ಚಾಚಲಿಲ್ಲ. "ಸದರಿ ಶಿಕ್ಷಕರು ಸರಿಯಾದ ವಿವರಣೆ ನೀಡಿಲ್ಲ, ಮಕ್ಕಳಿಗೆ ಪರೀಕ್ಷೆಯ ಪಾಠ ಬಾಯಿಪಾಠ ಮಾಡಿಸಿದ್ದಾರೆ, ಸೂಕ್ತ ಕ್ರಮ ಜರುಗಿಸಬೇಕು" ಎಂದು ಬರೆದು ಕಳಿಸಿಬಿಟ್ಟೆ.

ಆ ವಾರವೇ ಸ್ಟಾಫ್ ಮೀಟಿಂಗು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅರ್ಧದಲ್ಲಿ ಇನ್‌ಸ್ಪೆಕ್ಟರ್ ಮೇಡಂ ಫೋನು ಬಂತು, ನಾನು ಹೊರಗೆ ಹೋದೆ. ಒಂದು ವಿಷಯಕ್ಕೆ ಹತ್ತು ಪ್ರಶ್ನೆ ಕೇಳಿದರು. ಮುಗಿಸಿ ತಿರುಗಿದರೆ ಸಭೆಯೇ ಮುಗಿದು ಎಲ್ಲರೂ ಎದ್ದಿದ್ದರು. ಬ್ರೇಕ್ ಮೇಷ್ಟ್ರು ನಡಾವಳಿ ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ಅವರ ಮುಖ ನೋಡಲು ಇಷ್ಟವಿರಲಿಲ್ಲ. ವರಾಂಡದ ಕಂಬಕ್ಕೆ ಪುಸ್ತಕ ಒತ್ತಿಟ್ಟು ಸಹಿ ಗೀಚಿ ಕೊಟ್ಟೆ.

"ಓದಿದ್ರಾ ಮೇಡಂ?" ಎಂದರು.

"ನನಗೆ ಓದು ಬರುತ್ತೆ ಮೇಷ್ಟ್ರೆ. ನಿಮ್ಮ ಮಕ್ಕಳಿಗೆ ಬರಲ್ಲ, ಅದನ್ನ ನೋಡ್ಕೊಳ್ಳಿ," ಎಂದೆ. ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳಬೇಕೆನ್ನಿಸುತ್ತದೆ.

ಆ ಭಾನುವಾರ ಬೆಳಗ್ಗೆ ನಮ್ಮವರು ಕನ್ನಡಿಯ ಮುಂದೆ ಕೂತು ಗಡ್ಡ ಮಾಡಿಕೊಳ್ಳುತ್ತಿದ್ದರು. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಅರ್ಧ ಮುಖದಲ್ಲಿ ಸೋಪಿನ ನೊರೆ, ಇನ್ನರ್ಧದಲ್ಲಿ ಬ್ಲೇಡು. ಅವರಿಗೆ ಹಾಡು ಬರುವುದಿಲ್ಲ, ಆದರೆ ಕನ್ನಡಿ ಕಂಡರೆ ಬಾಯಿ ಸುಮ್ಮನಿರುವುದಿಲ್ಲ.

"ಮೇಕೆ ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು," ಎಂದರು ರಾಗವಾಗಿ. ಗಲ್ಲದ ಮೇಲಿಂದ ಬ್ಲೇಡನ್ನೂ ಹಾಗೆಯೇ ಇಳಿಸಿದರು.

ನನ್ನ ಕೈಯಲ್ಲಿದ್ದ ದುಪ್ಪಟ್ಟಾ ಅಲ್ಲೇ ನಿಂತಿತು. "ಏನಂದ್ರಿ?"

"ಏನಿಲ್ಲ ಮಾರಾಯ್ತಿ."

"ಈಗ ಏನೋ ಅಂದ್ರಲ್ಲ, ಮೇಕೆ ಅಂತ. ಅದು ನಿಮಗೆ ಹೇಗೆ ಗೊತ್ತು?"

"ಇದೊಳ್ಳೆ ಕಥೆ ಆಯ್ತು. ದಿನಾ ಬೆಳಗ್ಗೆ ನಿಮ್ಮ ಮೈಕಲ್ಲಿ ಅದೇ ತಾನೇ? ಇವತ್ತು ಮೇಕೆ, ನಾಳೆ ಗಾಳಿಪಟ, ನಾಡಿದ್ದು ಮೀನು ಹಿಡಿಯೋ ಮುದುಕ. ಆರು ಕಥೆ ಮುಗಿದರೆ ಮತ್ತೆ ಮೇಕೆ. ನಾನು ಅಂಗಡೀಲಿ ಕೂತೇ ಬಾಯಿಪಾಠ ಮಾಡ್ಕೊಂಡಿದ್ದೀನಿ. ಗಾಳಿಪಟ ಹೇಳ್ಲಾ?"

ಹೇಳಿದರು. ಮೀನು ಹಿಡಿಯುವ ಮುದುಕನನ್ನೂ ಹೇಳಿದರು. ಆರಕ್ಕೆ ಆರನ್ನೂ, ನೊರೆ ಒಣಗುವವರೆಗೆ, ಒಂದು ಅಕ್ಷರ ತಪ್ಪದೆ ಹೇಳಿದರು. ಆರು ಕಾರ್ಡು. ಪರೀಕ್ಷೆಯ ಕಾರ್ಡುಗಳೂ ಆರೇ.

ಆಗ ನೆನಪಾಯಿತು. ನಾನು ಬಂದ ಮೊದಲ ವಾರ ಅಲ್ಮೇರಾ ಜಾಲಾಡಿದಾಗ ಒಂದು ಹೊಸ ರಟ್ಟಿನ ಪೆಟ್ಟಿಗೆ ಸಿಕ್ಕಿತ್ತು. ಒಳಗೆ ಬಣ್ಣಬಣ್ಣದ ಕಾರ್ಡು, ಪುಟ್ಟ ಪುಟ್ಟ ಕಥೆ. ಇಷ್ಟು ಚೆಂದದ್ದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದಾರಲ್ಲ ಎಂದು ಸಿಡುಕಿ, ತೆಗೆದು, ಹೊಲಿಗೆ ಟೀಚರ್ ಕೈಗೆ ಕೊಟ್ಟು, ಬೆಳಗ್ಗೆ ಇದನ್ನೇ ಓದಿಸಿ ಎಂದಿದ್ದೆ. ಅವರು ಪಾಪ, ಹೂಂ ಎಂದರೆ ಹೂಂ ಎನ್ನುವವರು, ತಲೆಯಾಡಿಸಿದರು. ಆ ಪೆಟ್ಟಿಗೆಯ ಮುಚ್ಚಳದ ಒಳಗೆ ಏನೋ ಅಂಟಿಸಿತ್ತು. ನಾನು ಓದಿರಲಿಲ್ಲ. ಕಾರ್ಡುಗಳನ್ನೂ ಓದಿರಲಿಲ್ಲ. ದಿನಾ ಬೆಳಗ್ಗೆ ಅವನ್ನು ಓದುವಾಗ ನಾನು ಗೇಟಿನ ಹತ್ತಿರ ನಿಂತು, ತಡವಾಗಿ ಬಂದವರನ್ನು ಗದರುತ್ತ, ಫೋನಿನಲ್ಲಿ ಹಾಜರಿ ತುಂಬುತ್ತ ಇರುತ್ತಿದ್ದೆ. ಮೈಕಿನ ಸದ್ದು ಕಿವಿಗೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ದುಪ್ಪಟ್ಟಾ ಅಲ್ಲೇ ಎಸೆದು ಶಾಲೆಗೆ ಓಡಿದೆ. ಭಾನುವಾರ ಮೇಡಂ ಯಾಕೆ ಮನೆಯ ಚಪ್ಪಲಿಯಲ್ಲಿ ಓಡಿ ಬಂದರೆಂದು ವಾಚ್‌ಮನ್ ಕಣ್ಣು ಕಣ್ಣು ಬಿಟ್ಟ. ಅಲ್ಮೇರಾ ತೆಗೆದೆ. ರಟ್ಟಿನ ಪೆಟ್ಟಿಗೆ ಇತ್ತು. ಮುಚ್ಚಳದ ಒಳಗೆ ದಪ್ಪ ಅಕ್ಷರದಲ್ಲಿ: "ವಾರ್ಷಿಕ ಪರೀಕ್ಷೆಗೆ ಮಾತ್ರ. ಅಭ್ಯಾಸಕ್ಕೆ ಬಳಸಬಾರದು." ನಡಾವಳಿ ಪುಸ್ತಕ ತೆಗೆದು ನಲವತ್ತೊಂದನೆಯ ಪುಟ ತಿರುಗಿಸಿದೆ.

"ವಿಷಯ ಮೂರು: ಬೆಳಗಿನ ಮೈಕ್ ಓದು. ಈಗ ಓದಿಸುತ್ತಿರುವ ಕಾರ್ಡುಗಳು ವರ್ಷದ ಕೊನೆಯ ಪರೀಕ್ಷೆಯವು, ಇವನ್ನು ದಿನವೂ ಓದಿಸಿದರೆ ಮಕ್ಕಳಿಗೆ ಬಾಯಿಪಾಠವಾಗಿ ಪರೀಕ್ಷೆ ಕೆಡುತ್ತದೆ, ಬದಲಿಗೆ ಗ್ರಂಥಾಲಯದ ಪುಸ್ತಕ ಬಳಸಬಹುದು ಎಂದು ಮೂರನೇ ತರಗತಿ ಶಿಕ್ಷಕರು ಸೂಚಿಸಿದರು. ಮುಖ್ಯೋಪಾಧ್ಯಾಯಿನಿಯವರು ಈ ಸೂಚನೆಯನ್ನು ತಿರಸ್ಕರಿಸಿದರು."

ಅದರ ಕೆಳಗೆ ನನ್ನ ಸಹಿ. ಬಾಲ ಎಳೆದು, ಎರಡು ಚುಕ್ಕಿ ಇಟ್ಟು, ಜಂಬದಿಂದ ಹಾಕಿದ ಸಹಿ.

ಅವರು ಕೈ ಎತ್ತಿದ್ದು ನೆನಪಿದೆ. "ಸ್ವಲ್ಪ ನಿಲ್ಲಿ ಮೇಡಂ" ಎಂದದ್ದೂ ನೆನಪಿದೆ. ಅದರ ಮುಂದಿನದು ನೆನಪಿಲ್ಲ, ಯಾಕೆಂದರೆ ನಾನು ಕೇಳಿಸಿಕೊಂಡೇ ಇರಲಿಲ್ಲ. "ಮತ್ತೆ ಬ್ರೇಕಾ?" ಎಂದು ನಾನಂದು, ಎಲ್ಲರೂ ನಕ್ಕು, ಮುಂದಿನ ವಿಷಯಕ್ಕೆ ಹೋಗಿದ್ದೆವು. ಹತ್ತೊಂಬತ್ತು ಮಕ್ಕಳಿಗೆ ಓದು ಬರುವುದಿಲ್ಲವೆಂದು ಊರೆಲ್ಲ ಕೂಗಾಡಿದ ನಾನು ನನ್ನ ಕಣ್ಣ ಮುಂದೆ ಇಟ್ಟ ಒಂದು ಪುಟ ಓದಿರಲಿಲ್ಲ. ಓದದೆ ಒಬ್ಬ ಮನುಷ್ಯನನ್ನು ಕಳ್ಳನೆಂದು ಬರೆದು ಕಳಿಸಿದ್ದೆ. ಪುಸ್ತಕ ಮುಚ್ಚಿ ಖಾಲಿ ಆಫೀಸಿನಲ್ಲಿ ಬೆಪ್ಪಾಗಿ ಕೂತೆ. ಅಳು ಬಂತು, ಅತ್ತೆ.

ಮನೆಗೆ ಬಂದು ಹೇಳಿದಾಗ ನಮ್ಮವರು ತಮಾಷೆ ಮಾಡಲಿಲ್ಲ. "ಎಲ್ಲರ ಮುಂದೆ ಅಂದಿದ್ದೀಯಾ?" ಎಂದು ಮಾತ್ರ ಕೇಳಿದರು. ಹೌದೆಂದೆ. "ಹಾಗಾದ್ರೆ ಎಲ್ಲರ ಮುಂದೇನೇ ವಾಪಸ್ ತಗೋಬೇಕು."

ಸೋಮವಾರ ಬೆಳಗಿನ ಸಾಲಿನಲ್ಲಿ ಹೊಲಿಗೆ ಟೀಚರ್ ಕೈಯಿಂದ ಕಾರ್ಡು ತೆಗೆದುಕೊಂಡು, ಮೈಕಿನ ಮುಂದೆ ನಾನೇ ನಿಂತೆ. ನಲವತ್ತೊಂದನೆಯ ಪುಟವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಆಮೇಲೆ ಹೇಳಿದೆ: "ಇದನ್ನು ಓದದೆ ನಾನು ಸಹಿ ಹಾಕಿದ್ದೆ. ತಪ್ಪು ನನ್ನದು. ಮೂರನೇ ತರಗತಿ ಮೇಷ್ಟ್ರದಲ್ಲ." ಎರಡು ಹಾರ್ನುಗಳೂ ಅದನ್ನು ಬೀದಿಗೆ ಹರಡಿದವು. ಎದುರಿನ ಅಂಗಡಿಯಲ್ಲಿ ನಮ್ಮವರು ಎದ್ದು ನಿಂತದ್ದು ಕಂಡಿತು. ಮಕ್ಕಳಿಗೆ ರೂಢಿಯಲ್ಲವೇ, ಮುನ್ನೂರು ಬಾಯಿಯೂ ಒಟ್ಟಿಗೆ ಹಿಂದೆ ಹೇಳಿದವು: "ಓದದೆ ನಾನು ಸಹಿ ಹಾಕಿದ್ದೆ. ತಪ್ಪು ನನ್ನದು." ಯಾರೂ ನಗಲಿಲ್ಲ. ಬ್ರೇಕ್ ಮೇಷ್ಟ್ರು ತಮ್ಮ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಇನ್‌ಸ್ಪೆಕ್ಟರ್ ಮೇಡಂಗೆ ಪತ್ರ ಬರೆದೆ, ಪುಟದ ನಕಲು ಲಗತ್ತಿಸಿದೆ. ಅವರು ಫೋನು ಮಾಡಿದರು. "ಇದು ನಿಮ್ಮ ಕೈಯಾರೆ ನಿಮ್ಮ ಮೇಲೇ ಬರೆದ ದೂರು. ಗೊತ್ತಲ್ವಾ?" ಎಂದರು. ಗೊತ್ತು ಎಂದೆ. ಫಲಿತಾಂಶ ರದ್ದಾಯಿತು. ಮೂರು ತಿಂಗಳಲ್ಲಿ ಹೊಸ ಕಾರ್ಡಿನ ಮರುಪರೀಕ್ಷೆ. ಅದರಲ್ಲೂ ಎಪ್ಪತ್ತು ಬರದಿದ್ದರೆ ಶಾಲೆ ಹೆದ್ದಾರಿಯಾಚೆಗೆ. ನೋಟಿಸು ಈ ಸಲ ನನ್ನ ಹೆಸರಿಗೆ. ವಿಚಿತ್ರವೆಂದರೆ ನನಗೆ ಹಗುರವಾಯಿತು. ಮೇಷ್ಟ್ರಿದ್ದಾರೆ, ಮೂರು ತಿಂಗಳಿದೆ, ಇನ್ನು ಅವರು ಹೇಳಿದ ಹಾಗೆ ಮಾಡೋಣ ಎಂದುಕೊಂಡೆ.

ಗುರುವಾರ ಟಪಾಲು ಬಂತು. ಮೇಲಿನ ಆಫೀಸಿನ ಲಕೋಟೆ. ಈಗ ನನಗೆ ಬುದ್ಧಿ ಬಂದಿತ್ತು, ನಿಂತಲ್ಲೇ ಪೂರ್ತಿ ಓದಿದೆ. "ತಮ್ಮ ಶಾಲೆಯ ಸಿಬ್ಬಂದಿ ಸಭೆಯ ಒಪ್ಪಿಗೆಯ ಮೇರೆಗೆ ಮೂರನೇ ತರಗತಿ ಶಿಕ್ಷಕರನ್ನು ಅವರು ನಡಾವಳಿಯ ನಕಲಿನೊಂದಿಗೆ ಕಳಿಸಿದ ಕೋರಿಕೆಯಂತೆ ಬೇರೆ ಶಾಲೆಗೆ ವರ್ಗಾಯಿಸಲಾಗಿದೆ. ಶನಿವಾರ ಸಂಜೆ ಬಿಡುಗಡೆ ಮಾಡುವುದು."

ಎರಡನೆಯ ಸಲ ಓದಿದೆ. ಯಾವ ಒಪ್ಪಿಗೆ? ಪುಸ್ತಕ ಎಳೆದು ಪುಟ ತಿರುವಿದೆ. ನಲವತ್ತೆರಡು, ನಲವತ್ತಮೂರು, ಹೀಗೇ ತಿರುವುತ್ತ ಕೊನೆಯ ಸಭೆಗೆ ಬಂದೆ. "ವಿಷಯ ಐದು: ಮೂರನೇ ತರಗತಿ ಶಿಕ್ಷಕರು ವರ್ಗಾವಣೆ ಕೋರಿದರು. ಮುಖ್ಯೋಪಾಧ್ಯಾಯಿನಿಯವರ ಸಹಿಯನ್ನೇ ಒಪ್ಪಿಗೆ ಎಂದು ಪರಿಗಣಿಸುವುದು." ಕೆಳಗೆ ಸಹಿ ಸೊಟ್ಟಗಿತ್ತು, ಕಂಬದ ಗಾರೆಯ ಗುರುತು ಕಾಗದದಲ್ಲಿ ಉಬ್ಬಿ ನಿಂತಿತ್ತು. ಓದಿದ್ರಾ ಮೇಡಂ ಎಂದು ಅವರು ಕೇಳಿದ್ದರು.

ಲಕೋಟೆ ಹಿಡಿದು ತರಗತಿಗೆ ಹೋದೆ. ಮಕ್ಕಳು ಆಟಕ್ಕೆ ಹೋಗಿದ್ದರು. ಮೇಷ್ಟ್ರು ಕಪಾಟು ಖಾಲಿ ಮಾಡುತ್ತಿದ್ದರು.

"ನಾನು ಆಫೀಸಿಗೆ ಬರೀತೀನಿ ಮೇಷ್ಟ್ರೆ. ಓದದೆ ಸಹಿ ಹಾಕಿದೆ ಅಂತ ಇದಕ್ಕೂ ಬರೀತೀನಿ. ರದ್ದು ಮಾಡಿಸ್ತೀನಿ. ನೀವು ಹೋಗ್ಬೇಡಿ."

"ಬೇಡಿ ಮೇಡಂ." ಕೈಯಲ್ಲಿದ್ದ ಸೀಮೆಸುಣ್ಣದ ಡಬ್ಬಿಯ ಧೂಳು ಒರೆಸಿದರು. "ಸೋಮವಾರ ನೀವು ಮೈಕಲ್ಲಿ ಹೇಳಿದ್ದು ಕೇಳಿದೆ. ಅದು ಯಾರಿಗೂ ಸುಲಭ ಅಲ್ಲ. ಆದ್ರೆ ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ಇದೆ. ಹತ್ತು ದಿನ ಈ ವರಾಂಡದಲ್ಲಿ ಕಳ್ಳನ ಹಾಗೆ ಓಡಾಡಿದೀನಿ. ನನ್ನ ಹೆಂಡ್ತಿಗೆ ಹೇಳೋಕೆ ಆಗ್ಲಿಲ್ಲ. ಇನ್ನು ಈ ಗೋಡೆ ಮಧ್ಯೆ ನಿಂತ್ರೆ ನನಗೆ ಪಾಠ ಬಾಯಿಗೆ ಬರಲ್ಲ."

ಅವರು ಒಂದು ಹಳೆಯ ನೋಟ್‌ಬುಕ್ ನನ್ನ ಕೈಗಿತ್ತರು. ಒಂದೊಂದು ಮಗುವಿಗೆ ಒಂದೊಂದು ಪುಟ. ಯಾವ ಅಕ್ಷರ ಬರುತ್ತದೆ, ಯಾವುದು ಬರುವುದಿಲ್ಲ, ಯಾವ ಮಗು ಕಣ್ಣು ಕಿರಿದು ಮಾಡಿ ನೋಡುತ್ತದೆ, ಯಾವ ಮಗು ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡೇ ಇರುತ್ತದೆ. ದಿನಾಂಕ ಹಾಕಿ, ಎಂಟು ತಿಂಗಳು, ಮುದ್ದಾದ ಅಕ್ಷರದಲ್ಲಿ.

"ಇದನ್ನ ಓದಿ ಮೇಡಂ," ಎಂದರು. ಚುಚ್ಚಿ ಹೇಳಲಿಲ್ಲ, ಬೇಡಿಕೊಂಡರು. ಅದೇ ಹೆಚ್ಚು ನೋವಾಯಿತು.

ಶನಿವಾರ ಅವರು ಹೋದರು. ಬದಲಿ ಮೇಷ್ಟ್ರನ್ನು ಕೇಳಿದರೆ ಮೇಲಿನ ಆಫೀಸು ನೋಡೋಣ ಎಂದಿತು. ಸೋಮವಾರ ಬೆಳಗ್ಗೆ ಗೇಟಿನ ಕೆಲಸವನ್ನು ವಾಚ್‌ಮನ್‌ಗೆ ಬಿಟ್ಟು, ಫೋನನ್ನು ಆಫೀಸಿನ ಮೇಜಿನೊಳಗಿಟ್ಟು, ಮೂರನೇ ತರಗತಿಗೆ ನಾನೇ ಹೋದೆ. ಪುಟ್ಟ ಕುರ್ಚಿಯಲ್ಲಿ ನನ್ನನ್ನು ತುರುಕಿಕೊಂಡು ಕೂತೆ. ನೋಟ್‌ಬುಕ್ಕಿನ ಏಳನೆಯ ಪುಟ, ಎರಡು ಜಡೆಯ ಹುಡುಗಿಯದು, ರಾತ್ರಿಯೇ ಎರಡು ಸಲ ಓದಿಕೊಂಡಿದ್ದೆ. ಅವಳನ್ನು ಪಕ್ಕಕ್ಕೆ ಕರೆದು, ಗ್ರಂಥಾಲಯದಿಂದ ತಂದ ಪುಸ್ತಕವೊಂದನ್ನು ಅವಳ ಕೈಗೆ ಕೊಟ್ಟೆ. ಅದರಲ್ಲಿ ಚಿತ್ರವಿರಲಿಲ್ಲ.

ಅವಳು ಪುಸ್ತಕವನ್ನು ಒಮ್ಮೆ ಹೀಗೆ ತಿರುಗಿಸಿದಳು, ಒಮ್ಮೆ ಹಾಗೆ ತಿರುಗಿಸಿದಳು. ಆಮೇಲೆ ಯಾರಿಗೂ ಕೇಳಿಸಬಾರದೆಂದು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಮೇಡಂ, ಯಾವ ಕಡೆ ಮೇಲೆ?"

ಎಂಟು ತಿಂಗಳಲ್ಲಿ ಈ ಮಗು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಪುಸ್ತಕವನ್ನು ಸರಿಯಾಗಿ ಹಿಡಿಸಿ, ಅವಳ ಬೆರಳನ್ನು ಮೊದಲ ಅಕ್ಷರದ ಕೆಳಗೆ ಇಟ್ಟೆ.